ಎರಡು ಸಲ ತಟ್ಟಿದರೆ ಹೊರಡಬೇಕು

ಬಾಗಿಲು ಹಾಕಿಕೊಂಡು ಬಂದು ಕೂತರೆ ಹೇಳ್ತೀನಿ. ಇದು ಎಲ್ಲೋ ಕೇಳಿದ್ದಲ್ಲ, ನಮ್ಮ ಚಿಕ್ಕಮ್ಮನ ಮಗಳಿಗೇ ಆದದ್ದು. ಲೆಕ್ಕದ ಟೀಚರ್ ಅವಳು, ಪರದೇಶದ ಶಾಲೆಯಲ್ಲಿ ಕೆಲಸ. ಸುಳ್ಳು ಹೇಳೋಕೆ ಬರೋದಿಲ್ಲ ಅವಳಿಗೆ. ಹೇಳಿದರೂ ಅರ್ಧದಲ್ಲೇ ಸಿಕ್ಕಿಬೀಳ್ತಾಳೆ.

ಅಲ್ಲಿಗೆ ಹೋದ ಹೊಸತು. ಪೋಷಕರ ಸಭೆ ಮುಗಿಯುವಷ್ಟರಲ್ಲಿ ಶಾಲೆಯ ವ್ಯಾನು ಹೋಗಿಯಾಗಿತ್ತು. ಬಸ್ಸಿಳಿದು ಒಬ್ಬಳೇ ನಡೆದು ಬಂದಳು. ಅವಳ ಬೀದಿಯ ತಿರುವಿನಲ್ಲಿ ಒಂದು ಹಳೆ ಬಾವಿ, ಬಾಯಿಗೆ ತಗಡು ಮುಚ್ಚಿದ್ದಾರೆ. ಗಾಳಿ ಬೀಸಿದರೆ ಆ ತಗಡು ಟಿಣ್... ಟಿಣ್... ಅನ್ನುತ್ತೆ. ಬೆಳಗ್ಗೆ ವ್ಯಾನು ಬಂದು ನಿಲ್ಲೋದೂ ಅಲ್ಲೇ.

ಬಾವಿ ದಾಟಿದಳು. ಎದುರಿನಿಂದ ಯಾರೋ ಓಡಿ ಬರುವ ಸದ್ದು. ಟಪ ಟಪ ಟಪ... ಹೆಂಗಸರ ಚಪ್ಪಲಿ. ಜೊತೆಗೆ ಏದುಸಿರು... ಹ್ಹ... ಹ್ಹ... ಯಾರೋ ಪಾಪ ಅವಸರದಲ್ಲಿದ್ದಾರೆ ಅಂತ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಸದ್ದು ಅವಳ ತೋಳಿಗೆ ತಾಗಿದ ಹಾಗೆ ದಾಟಿ ಹೋಯಿತು. ಬಾವಿಯ ಹತ್ತಿರ ಹೋಗಿ ನಿಂತಿತು. ಬೀದಿಯಲ್ಲಿ ಅವಳನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

ಮನೆ ಶಾಲೆಯವರೇ ಕೊಟ್ಟದ್ದು. ಎರಡು ಕೋಣೆ, ಒಂದು ಕಬ್ಬಿಣದ ಮಂಚ. ಮೊದಲಿದ್ದ ಸೈನ್ಸ್ ಟೀಚರ್ ಬಿಟ್ಟುಹೋದ ಕೊಡೆ ಇನ್ನೂ ಮೊಳೆಗೆ ನೇತಾಡುತ್ತಿತ್ತು. ಬೆಳಗಿನ ಜಾವ ಅಲಾರಂಗಿಂತ ಮುಂಚೆ ಕಟಕ್ ಅಂತ ಚಿಲಕ ತೆಗೆದ ಸದ್ದು. ಆಮೇಲೆ ಟಪ ಟಪ ಟಪ ಅಂತ ಮೆಟ್ಟಿಲಿಳಿದು ಓಡುವ ಸದ್ದು. ಎದ್ದು ನೋಡಿದರೆ ರಾತ್ರಿ ಹಾಕಿದ ಚಿಲಕ ಹಾಕಿದ ಹಾಗೇ ಇದೆ. ದಿನಾ ಇದೇ.

ಬೇರೆ ಮನೆ ಕೇಳಬಾರದಿತ್ತಾ ಅಂತೀರಿ. ಕೇಳಿದಳು. ಇದನ್ನು ಬಿಟ್ಟರೆ ಉಳಿದ ಟೀಚರುಗಳ ಜೊತೆ ಒಂದೇ ಕೋಣೆ, ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ ಅಂದರು. ಅವಳಿಗೆ ಆರು ವರ್ಷದ ಮಗಳು. ಗಂಡ ಇಲ್ಲ. ಮಗು ಊರಲ್ಲಿ ಅಜ್ಜಿ ಹತ್ತಿರ. ಈ ಮನೆ ಬಿಟ್ಟರೆ ಮಗಳು ಬರುವ ಹಾಗಿಲ್ಲ, ಇಟ್ಟುಕೊಂಡರೆ ಮಗಳು ಇದೇ ಮನೆಗೆ ಬರಬೇಕು.

"ದಿನಾ ಚೀಲ ತುಂಬ್ಕೊಂಡು ಕೂರ್ತಾಳೆ ಕಣೇ," ಅಂತ ತಾಯಿ ಫೋನಿನಲ್ಲಿ. "ಯಾವಾಗ ಕರೆಸ್ಕೋತೀಯಾ?"

"ಕರೆಸ್ಕೋತೀನಮ್ಮ... ಮನೆ ಒಂಚೂರು ಸರಿಹೋಗ್ಲಿ."

"ಮನೆಗೇನಾಗಿದೆ?"



ಈಗ ಆ ವ್ಯಾನಿನ ವಿಷಯ. ಟೀಚರುಗಳು ನಾಲ್ಕಾರು ದೇಶದವರು, ಡ್ರೈವರಿನ ಮಾತು ಅವರಿಗೆ ಬಾರದು, ಅವರ ಮಾತು ಅವನಿಗೆ ಬಾರದು. ಅದಕ್ಕೇ ಒಂದು ಗುರುತು ಮಾಡಿಕೊಂಡಿದ್ದರು. ವ್ಯಾನಿನ ಮೈಯನ್ನು ಒಂದು ಸಲ ತಟ್ಟಿದರೆ ನಿಲ್ಲಿಸಬೇಕು. ಎರಡು ಸಲ ತಟ್ಟಿದರೆ ಹೊರಡಬೇಕು. ಕೊನೆಗೆ ಹತ್ತುವವಳು ಇವಳೇ ಆದ್ದರಿಂದ ತಟ್ಟುವ ಕೆಲಸವೂ ಇವಳದೇ. ದಿನಾ ತಟ್ಟುತ್ತಾಳೆ, ವ್ಯಾನು ಹೊರಡುತ್ತೆ... ಕೂಡಲೇ ಹೊರಗಿನಿಂದ ಧಬ್ ಧಬ್ ಧಬ್ ಅಂತ ಅಂಗೈಯಲ್ಲಿ ಬಡಿದ ಸದ್ದು. ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಬಂದು ನಿಲ್ಲುತ್ತೆ. ಟೀಚರುಗಳೆಲ್ಲ ತಲೆ ತಗ್ಗಿಸಿ ಚೀಲ ನೋಡುತ್ತಾ ಕೂರುತ್ತಾರೆ. ಡ್ರೈವರ್ ಜೋರಾಗಿ ಓಡಿಸುತ್ತಾನೆ.

ಕನ್ನಡ ಬರುತ್ತಿದ್ದವರು ಪಕ್ಕದ ಸೀಟಿನ ಡ್ರಾಯಿಂಗ್ ಮೇಷ್ಟ್ರು ಒಬ್ಬರೇ.

"ಅದೇನು ಮೇಷ್ಟ್ರೇ, ಸದ್ದು?"

"ಯಾವ ಸದ್ದು?"

"ಸುಮ್ನಿರಿ. ನಿಮಗೂ ಕೇಳಿಸಿದೆ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಪಿಸುಮಾತಿನಲ್ಲಿ ಹೇಳಿದರು. "ನಿಮ್ಮ ಮನೇಲಿದ್ದ ಸೈನ್ಸ್ ಟೀಚರ್... ದಿನಾ ತಡ ಮಾಡೋರು. ಶಾಲೇಲಿ ಹಾಜರಿಗೆ ಹೆಬ್ಬೆಟ್ಟು ಒತ್ತೋದು ತಡ ಆದ್ರೆ ಎಲ್ಲರಿಗೂ ಅರ್ಧ ದಿನದ ರಜೆ ಕಟ್ ಆಗ್ತಿತ್ತು. ಅವತ್ತು ನನಗೆ ರೇಗಿಹೋಯ್ತು. ಓಡಿ ಬರ್ತಿದ್ದಿದ್ದು ಕಾಣ್ತಿತ್ತು... ಆದ್ರೂ ಎರಡು ಸಲ ತಟ್ಟಿಬಿಟ್ಟೆ."

"ಆಮೇಲೆ?"

"ಜೊತೆಗೇ ಓಡಿದ್ರು, ವ್ಯಾನು ಬಡೀತಾ. ನಾವೇ ಅವಸರ ಮಾಡ್ತಿದೀವಿ ಅಂದ್ಕೊಂಡು ಡ್ರೈವರ್ ಇನ್ನೂ ಜೋರು ಮಾಡ್ದ. ಬಾವಿ ತಿರುವಲ್ಲಿ ಕಾಲು ಜಾರಿ... ಚಕ್ರದ ಕೆಳಗೆ..."

ಇವಳಿಗೆ ಮೈ ಉರಿದುಹೋಯಿತು. ಆ ಮನುಷ್ಯನ ಪಕ್ಕ ಕೂರೋದಕ್ಕೂ ಅಸಹ್ಯವಾಯಿತು. ಆದರೆ ಅವತ್ತು ರಾತ್ರಿ ಮಂಚದ ಮೇಲೆ ಕೂತು ಯೋಚಿಸುತ್ತಾ ಯೋಚಿಸುತ್ತಾ ಹೆದರಿಕೆ ಹೋಗಿ ಸಂಕಟ ಉಳಿಯಿತು. ಪಾಪ, ಆ ಸೈನ್ಸ್ ಟೀಚರ್ ಯಾರನ್ನೂ ಹೆದರಿಸೋಕೆ ಬಂದವಳಲ್ಲ. ಕೆಲಸಕ್ಕೆ ಹೊರಟವಳು. ಇನ್ನೂ ಓಡ್ತಾನೇ ಇದ್ದಾಳೆ.

ಮರುದಿನ ಹತ್ತಿ ಕೂತಳು. ತಟ್ಟಲಿಲ್ಲ. ಬಾಗಿಲನ್ನೂ ಹಾಕಲಿಲ್ಲ. ಎಲ್ಲರೂ ಗಡಿಯಾರ ನೋಡಿಕೊಂಡರು. ಮೇಷ್ಟ್ರು ತಟ್ಟಲು ಕೈ ಎತ್ತಿದಾಗ ಗಟ್ಟಿಯಾಗಿ ಹಿಡಿದುಕೊಂಡಳು.

ಟಪ ಟಪ ಟಪ... ಬೀದಿಯಿಂದ ಬಂತು.

"ನಿಧಾನ ಬನ್ನಿ ಅಕ್ಕಾ," ಅಂದಳು ಮೆಲ್ಲಗೆ. "ಓಡಬೇಡಿ. ನಾವು ಕಾಯ್ತೀವಿ."

ಓಟ ನಡಿಗೆಯಾಯಿತು. ಟಪ್... ಟಪ್... ವ್ಯಾನಿನ ಮೆಟ್ಟಿಲ ಹತ್ತಿರ ನಿಂತಿತು. ವ್ಯಾನು ಒಂಚೂರು ಕುಗ್ಗಿತು. ಹಿಂದಿನ ಖಾಲಿ ಸೀಟಿನಿಂದ ಕ್ಲಿಕ್ ಅಂತ ಬೆಲ್ಟ್ ಹಾಕಿದ ಸದ್ದು. ಆಮೇಲೆ ಯಾರೋ ಒಳಗಿನಿಂದ ಎರಡು ಸಲ ತಟ್ಟಿದರು. ವ್ಯಾನು ಹೊರಟಿತು. ಅವತ್ತು ಎಲ್ಲರಿಗೂ ಅರ್ಧ ದಿನದ ರಜೆ ಹೋಯಿತು.

ಅಲ್ಲಿಂದ ಮುಂದೆ ಮನೆಯಲ್ಲಿ ಸದ್ದಿಲ್ಲ. ಮಗಳನ್ನು ಕರೆಸಿಕೊಂಡಳು. ಅದೇ ಶಾಲೆ, ಅದೇ ವ್ಯಾನು. ಆದರೂ ಎದೆಯಲ್ಲಿ ಒಂದು ಅಳುಕು ಇದ್ದೇ ಇತ್ತು. ಹತ್ತಿಸಿಕೊಂಡದ್ದು ಯಾರನ್ನು, ಮಗುವನ್ನು ಕೂರಿಸುತ್ತಿರುವುದು ಯಾರ ಪಕ್ಕದಲ್ಲಿ ಅಂತ.

ಒಂದು ದಿನ ತಡವಾಯಿತು. ಮಗುವಿನ ಒಂದು ಬೂಟು ಸಿಕ್ಕಲಿಲ್ಲ. ಡ್ರೈವರಿಗೆ ಜ್ವರ, ಬಂದಿದ್ದವನು ಬದಲಿ ಡ್ರೈವರ್, ಯಾರು ಯಾರು ಹತ್ತಬೇಕು ಅಂತ ಅವನಿಗೆ ಗೊತ್ತಿಲ್ಲ. ತಾಯಿ ಮಗಳು ಕೈ ಹಿಡಿದು ಓಡಿದರು. ಟಪ ಟಪ ಟಪ... ತನ್ನದೇ ಚಪ್ಪಲಿಯ ಸದ್ದು ಅವಳಿಗೆ ಆ ಸದ್ದಿನ ಹಾಗೇ ಕೇಳಿಸಿತು. ವ್ಯಾನು ಆಗಲೇ ಹೊರಟಿತ್ತು. ಮಗು ಅಮ್ಮನ ಕೈ ಬಿಡಿಸಿಕೊಂಡು ಮುಂದೆ ಓಡಿ, ಪುಟ್ಟ ಅಂಗೈಯಲ್ಲಿ ವ್ಯಾನು ಬಡಿಯಲು ಕೈ ಚಾಚಿತು.

ಕೀಂಯ್ಕ್... ವ್ಯಾನು ನಿಂತಿತು.

ಮಗುವನ್ನು ಅವುಚಿಕೊಂಡು ಹತ್ತಿದಳು. ಮೇಷ್ಟ್ರ ತುಟಿ ಬೆಳ್ಳಗಾಗಿತ್ತು.

"ನೀವು ನಿಲ್ಲಿಸಿದ್ರಾ ಮೇಷ್ಟ್ರೇ?"

"ನಾನು ನಿದ್ದೆ ಹೋಗಿದ್ದೆ," ಅಂದರು. "ಎಲ್ಲರೂ ನಿದ್ದೇಲಿದ್ರು. ಒಂದು ಸಲ ತಟ್ಟಿದ ಸದ್ದಿಗೆ ಎಚ್ಚರ ಆಯ್ತು. ಒಂದೇ ಒಂದು ಸಲ... ಹಿಂದಿನ ಸೀಟಿಂದ."

ಅವಳು ಇವತ್ತಿಗೂ ಆ ಮನೆಯಲ್ಲೇ ಇದ್ದಾಳೆ, ಮಗು ಆ ಸೀಟಿನ ಪಕ್ಕದಲ್ಲೇ ಕೂರುತ್ತೆ. ನಗಬೇಡಿ. ಹೋದ ರಜೆಯಲ್ಲಿ ನಾನು ಹೋಗಿದ್ದಾಗ ಆ ವ್ಯಾನು ಹತ್ತಿದ್ದೆ. ಹಿಂದಿನ ಸೀಟಿನ ಬೆಲ್ಟನ್ನು ನಾನೇ, ಈ ಕೈಯಾರೆ ಬಿಚ್ಚಿಟ್ಟೆ. ಬಾವಿ ದಾಟಿದ ಮೇಲೆ ತಿರುಗಿ ನೋಡಿದೆ. ಹಾಕಿತ್ತು.