ಈ ತಿಂಗಳು ಆರನೇ ನಂಬರಿನ ಕಾಲಿಲ್ಲ

ಒಂದೂರಿನಲ್ಲಿ ಒಬ್ಬ ಶ್ರೀಮಂತ. ಅವನದು ಚಪ್ಪಲಿ ಕಾರ್ಖಾನೆ. ಮುಂದಿನ ತಿಂಗಳು ಯಾವ ಅಳತೆಗೆ ಎಷ್ಟು ಬೇಡಿಕೆ ಬರುತ್ತದೆ ಎಂದು ಮೊದಲೇ ಅಂದಾಜು ಮಾಡಿ, ದಪ್ಪ ಅಕ್ಷರದಲ್ಲಿ ಮುದ್ರಿಸಿ, ಅಂಗಳದ ಬೋರ್ಡಿಗೆ ಅಂಟಿಸುವುದು ಅಲ್ಲಿನ ಪದ್ಧತಿ. ಹಳೆಯ ಹಾಳೆ ಕೀಳುವಂತಿಲ್ಲ, ಅದರ ಮೇಲೆಯೇ ಹೊಸದು. ಹತ್ತು ವರ್ಷಕ್ಕೆ ಅದು ರಟ್ಟಿನಂತೆ ಗಟ್ಟಿಯಾಗಿತ್ತು.

ಆ ತಿಂಗಳ ಹಾಳೆಯಲ್ಲಿ ಇದ್ದದ್ದು ಇಷ್ಟು: ಎಂಟನೇ ನಂಬರು ಹತ್ತು ಸಾವಿರ ಜೊತೆ, ಆರನೇ ನಂಬರು ಸೊನ್ನೆ. ಏಕೆ ಸೊನ್ನೆ? ಹೋದ ತಿಂಗಳು ಆರನೇ ನಂಬರು ಒಂದೂ ಮಾರಾಟವಾಗಿರಲಿಲ್ಲ. ಏಕೆ ಮಾರಾಟವಾಗಿರಲಿಲ್ಲ? ನೋಡಿ, ಮಾಡಿಯೇ ಇರಲಿಲ್ಲ!

ಅಲ್ಲಿ ಚಪ್ಪಲಿಗೆ ಪಟ್ಟಿ ಹಾಕುವ ತಿಪ್ಪವ್ವ ಎಂಬಾಕೆ ಇದ್ದಳು. ಬೇಸಿಗೆಯ ಬಿಸಿಲಲ್ಲಿ ಬರಿಗಾಲಲ್ಲಿ ಸಿಮೆಂಟಿನ ಅಂಗಳ ದಾಟಿ ದಾಟಿ ಅವಳ ಅಂಗಾಲು ಬೊಬ್ಬೆ ಎದ್ದಿತ್ತು. ಉಗ್ರಾಣದವನ ಹತ್ತಿರ ಹೋಗಿ, “ಅಣ್ಣಾ, ಆರನೇ ನಂಬರು ಒಂದು ಜೊತೆ ಕೊಡು” ಎಂದಳು.

“ಈ ತಿಂಗಳು ಆರನೇ ನಂಬರಿನ ಕಾಲೇ ಇಲ್ಲವಲ್ಲಮ್ಮ.”

“ಮತ್ತೆ ಇದೇನಣ್ಣಾ?” ಎಂದು ಕಾಲು ಎತ್ತಿ ತೋರಿಸಿದಳು.

ಅವನು ಕಾಲು ನೋಡಿದ. ಬೋರ್ಡು ನೋಡಿದ. ಮತ್ತೆ ಕಾಲು ನೋಡಿದ. “ಹಾಳೇಲಿ ಇಲ್ಲ. ಎಂಟು ಹಾಕ್ಕೊಂಡು ಹೋಗು.”

“ಎಂಟು ಹಾಕ್ಕೊಂಡ್ರೆ ನನಗಿಂತ ಮೊದಲು ಚಪ್ಪಲಿ ಮನೆ ಸೇರ್ತದೆ!”

ತಿಂಗಳು ಮುಗಿಯಿತು. ಆರನೇ ನಂಬರಿನ ಮಾರಾಟ ಸೊನ್ನೆ. ಅಂದಾಜು ನೂರಕ್ಕೆ ನೂರು ನಿಜವಾಯಿತು! ಶ್ರೀಮಂತ ಎಲ್ಲರಿಗೂ ಪೇಡಾ ಹಂಚಿದ. ತಾನೂ ಒಂದು ಬಾಯಿಗೆ ಹಾಕಿಕೊಂಡು ನಡುಮಧ್ಯಾಹ್ನ ಅಂಗಳಕ್ಕೆ ಇಳಿದ. ಅರ್ಧ ದಾರಿಯಲ್ಲಿ ಅವನ ಒಂದು ಚಪ್ಪಲಿ ಕಿತ್ತುಹೋಯಿತು. ಅವನ ಕಾಲು ಎಷ್ಟನೇ ನಂಬರು ಹೇಳಿ? ಆರು!

“ಅಯ್ಯೋ, ಸುಡ್ತದೋ! ಒಂದು ಜೊತೆ ಆರು ತಾರೋ!” ಎಂದು ಒಂಟಿಕಾಲಲ್ಲಿ ಕುಣಿದ.

ಉಗ್ರಾಣದವನು ಕೈ ಮುಗಿದ. “ಯಜಮಾನ್ರೇ, ಆ ಕಾಲು ಮುಂದಿನ ತಿಂಗಳೂ ಇಲ್ಲ. ಹೊಸ ಹಾಳೆಗೆ ನೀವೇ ಸಹಿ ಹಾಕಿದ್ದೀರಿ.”

ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಂತಾನು? ತಿಪ್ಪವ್ವ ಓಡಿಬಂದು ಬೋರ್ಡಿನ ಹಾಳೆಗಳನ್ನೆಲ್ಲ ಒಟ್ಟಿಗೇ ಕಿತ್ತಳು, ಅವನ ಪಾದದ ಅಳತೆಗೆ ಕತ್ತರಿಸಿದಳು, ಪಟ್ಟಿ ಹಾಕಿ ತೊಡಿಸಿದಳು. ಹತ್ತು ವರ್ಷದ ಅಂದಾಜು ಮೊದಲ ಸಲ ಒಂದು ಕಾಲಿಗೆ ಸರಿಹೋಯಿತು.

ಆಗ ಅವನು ಬಗ್ಗಿ ಅವಳ ಕಾಲು ನೋಡಿದ. “ತಿಪ್ಪವ್ವಾ, ನಿಂದು ಎಷ್ಟನೇ ನಂಬರು?”

“ಇಲ್ಲದ ನಂಬರು, ಯಜಮಾನ್ರೇ.”



ನಗುತ್ತೀರಾ? ನಗಿ. ನಿಮ್ಮ ಮನಸ್ಸಿನ ಬೋರ್ಡಿನಲ್ಲಿ ಏನು ಅಂಟಿಸಿದ್ದೀರಿ? ಸೊಸೆಗೆ ಸುಸ್ತಾಗುವುದಿಲ್ಲ. ಅಪ್ಪನಿಗೆ ಹೊಸ ಅಂಗಿ ಬೇಡ. ಕೆಲಸದವಳಿಗೆ ಹಸಿವಿಲ್ಲ. ಒಂದು ದಿನವಾದರೂ ಕೇಳಿದ್ದೀರಾ? ಕೇಳುವುದಿಲ್ಲ, ಅವರೇನೂ ಬೇಕೆನ್ನಲಿಲ್ಲ ಎಂದು ಪೇಡಾ ಹಂಚುತ್ತೀರಿ! ಇವತ್ತು ಊಟಕ್ಕೆ ಕೂರುವ ಮೊದಲು ಮನೆಯಲ್ಲಿ ಒಬ್ಬರನ್ನು ಕೇಳಿ, ನಿನಗೇನು ಬೇಕು ಎಂದು. ಉತ್ತರ ಬರುವ ತನಕ ಕೈ ತುತ್ತಿಗೆ ಹೋಗಬಾರದು.

ಈ ಗುಡಿಯ ಹೊರಗೆ ನಮ್ಮೆಲ್ಲರ ಚಪ್ಪಲಿ ಕಾಯುತ್ತ ಒಬ್ಬ ಅಜ್ಜಿ ಕೂತಿದ್ದಾರಲ್ಲ, ಅವರ ಕಾಲಲ್ಲಿ ಚಪ್ಪಲಿ ಇದೆಯೇ? ಯಾರಾದರೂ ನೋಡಿದ್ದೀರಾ? ಆರು ವರ್ಷದಿಂದ ಇಲ್ಲಿಗೆ ಕಥೆ ಹೇಳಲು ಬರುತ್ತಿದ್ದೇನೆ, ನಾನೂ ನೋಡಿಲ್ಲ. ನಾಚಿಕೆಯಾಗುತ್ತಿದೆ. ಏಳಿ, ಮೊದಲು ಹೋಗಿ ಅವರನ್ನು ಕೇಳೋಣ. ಮಂಗಳಾರತಿ ಆಮೇಲೆ.