ಗೋಡೆಯ ಬಾಯಲ್ಲಿ ಬಿಟ್ಟ ಚಪ್ಪಲಿ

ಬೆಳಿಗ್ಗೆ ಹಿಡಿದ ಮಳೆ ಮಧ್ಯಾಹ್ನ ಮೂರಾದರೂ ಬಿಟ್ಟಿರಲಿಲ್ಲ. ಗಾಳಿಯ ಹೊಡೆತಕ್ಕೆ ಹಡಗು ಹೊಯ್ದಾಡುತ್ತಿದೆಯೆಂದು ದಡಕ್ಕೆ ಇಳಿಯುವ ಮೆಟ್ಟಿಲನ್ನೇ ತೆಗೆದುಬಿಟ್ಟಿದ್ದರು. ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ. ರಿಪೇರಿಗೆ ನಿಂತಿದ್ದ ಆ ವಿಹಾರದ ಹಡಗಿನ ಊಟದ ಹಾಲ್‌ನಲ್ಲಿ ಏಳು ಜನ ಸಿಕ್ಕಿಕೊಂಡಿದ್ದರು: ಬಡಗಿ ಮೇಸ್ತ್ರಿ, ಅವನ ಮೂವರು ಆಳುಗಳು, ಒಬ್ಬ ಪೇಂಟರು, ಒಬ್ಬ ವೈರ್‌ಮ್ಯಾನ್, ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂತ ಅಜ್ಜಿ. ಹಡಗಿನ ಪರದೆಗಳನ್ನೆಲ್ಲ ಹೊಲಿಯುವವಳಾದ್ದರಿಂದ ಅವಳಿಗೆ ಪರದೆಯಜ್ಜಿ ಎಂದೇ ಹೆಸರು.

ಮೇಸ್ತ್ರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೆಳಗಿನ ಕಾರಿಡಾರ್‌ನ ಗೋಡೆ ಮುಗಿಯಲು ಒಂದೇ ಒಂದು ಹಲಗೆ ಬಾಕಿ. ಎರಡು ಸಲ ಗಡುವು ತಪ್ಪಿಸಿದ್ದ. ನಾಳೆ ಬೆಳಿಗ್ಗೆ ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಆ ಗೋಡೆ ಮುಚ್ಚಿರದಿದ್ದರೆ ಕೆಲಸ ಬೇರೆ ಮೇಸ್ತ್ರಿಯ ಪಾಲು.

"ಮಳೆ ಇರೋದು ಮೇಲೆ, ಕೆಲಸ ಇರೋದು ಕೆಳಗೆ. ಏಳ್ರೋ, ಆ ಹಲಗೆ ಹೊಡೆದು ಬಂದುಬಿಡೋಣ" ಎಂದ.

ಮಿಷನ್ನಿನ ಸದ್ದು ನಿಂತಿತು. "ಚಪ್ಪಲಿ ನೋಡ್ಕೊಂಡು ಬಂದ್ರಾ ಮೇಸ್ತ್ರಿ?" ಎಂದಳು ಅಜ್ಜಿ.

"ಯಾವ ಕಾಲದಲ್ಲಿದ್ದೀರಿ ಅಜ್ಜಿ? ಈಗ ಎಲ್ಲರಿಗೂ ಬೂಟು. ಬಿಚ್ಚಿದ್ರೆ ದಂಡ."

ಆಳುಗಳು ನಕ್ಕರು. "ಮಿಷನ್ ಕೆಳಗಿನ ಆ ಗಂಟಿನೊಳಗಿರೋದು ಅಜ್ಜೀದೇ ಬೂಟು ಇರಬೇಕು" ಎಂದ ಪೇಂಟರು. ಅವಳ ಮಿಷನ್ನಿನ ಕೆಳಗೆ ಯಾವಾಗಲೂ ನೀಲಿ ಬಟ್ಟೆಯ ಒಂದು ಗಂಟು ಇರುತ್ತಿತ್ತು. ಅದರಲ್ಲೇನಿದೆಯೆಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ನಗ್ರಪ್ಪಾ ನಗಿ. ನಾನೂ ಒಂದು ಕಾಲದಲ್ಲಿ ನಗ್ತಿದ್ದೆ" ಎಂದು ಅಜ್ಜಿ ಕನ್ನಡಕ ತೆಗೆದಿಟ್ಟಳು. "ಮೇಸ್ತ್ರಿ, ಕೂತ್ಕೊಳ್ಳಿ. ಆ ಹಲಗೆಗೆ ಮುಂಚೆ ನನ್ನ ಮಾತು ಕೇಳಿ. ಆಮೇಲೆ ಮುಚ್ತೀರೋ ಬಿಡ್ತೀರೋ, ನಿಮಗೆ ಸೇರಿದ್ದು.

"ನಾನು ಮೊದಲು ಕೆಲಸಕ್ಕೆ ಸೇರಿದ ಹಡಗು ಇದರ ಹಾಗೆ ಮೋಜಿಗೆ ಕಟ್ಟಿದ್ದಲ್ಲ, ದೇಶ ದಾಟೋಕೆ ಕಟ್ಟಿದ್ದು. ಮೇಲೆ ನೋಡಿದ್ರೆ ಅರಮನೆ... ತೇಗದ ಮೆಟ್ಟಿಲು, ಅದರ ಕಟಕಟೆಯಲ್ಲಿ ಕೆತ್ತಿದ ದ್ರಾಕ್ಷಿ ಗೊಂಚಲು, ತಲೆ ಮೇಲೆ ಬಣ್ಣದ ಗಾಜಿನ ಗುಮ್ಮಟ, ಅಲೆಗೆ ಜಾರಬಾರದು ಅಂತ ನೆಲಕ್ಕೇ ತಿರುಪು ಹಾಕಿ ಕೂರಿಸಿದ ವೆಲ್ವೆಟ್ ಕುರ್ಚಿ. ಹಡಗಲ್ಲಿದ್ದೀವಿ ಅನ್ನೋದೇ ಮರೆತುಹೋಗ್ಬೇಕು, ಹಾಗೆ ಕಟ್ಟೋರು. ಕೆಳಗಡೆಯೋ? ಒಂದು ಕೋಣೆಗೆ ಎಂಟು ಕಬ್ಬಿಣದ ಮಂಚ, ಎಂಟು ಜನಕ್ಕೆ ಒಂದು ಬೇಸಿನ್ನು. ಅಲ್ಲಿದ್ದೋರಿಗೆ ಹಡಗಲ್ಲಿದ್ದೀವಿ ಅನ್ನೋದು ಒಂದು ಗಳಿಗೆನೂ ಮರೆತುಹೋಗ್ತಿರಲಿಲ್ಲ.

"ಆಮೇಲೆ ವಿಮಾನ ಬಂತು. ದಾಟೋರೆಲ್ಲ ಹಾರೋಕೆ ಹೊರಟ್ರು. ಹಡಗಿನ ಸಾಹುಕಾರ ಏನು ಮಾಡ್ದ ಗೊತ್ತಾ? ಎಲ್ಲಿಗೂ ಹೋಗದ ಪ್ರಯಾಣ ಮಾರೋಕೆ ಶುರು ಮಾಡ್ದ. ಹತ್ತಿದ ಕಡೇನೇ ಇಳಿಯೋದು. ನಡುವೆ ತಿನ್ನೋದು, ಮಲಗೋದು."

"ನಾನು ಮಾವನ ಮನೆಗೆ ಹೋದ ಹಾಗೆ" ಎಂದ ಪೇಂಟರು.

"ನಿಮ್ಮ ಮಾವ ಪಾಪ ಟಿಕೆಟ್ ಇಟ್ಟಿಲ್ಲ" ಎಂದು ಅಜ್ಜಿ ಮುಂದುವರಿಸಿದಳು. "ಎಂಟು ಮಂಚದ ಕೋಣೆ ಇಬ್ಬರ ಕೋಣೆ ಆಗ್ಬೇಕು. ಕಬ್ಬಿಣದ ಗೋಡೆ ಕೆಡವೋಕಾಗುತ್ತಾ? ಅದರ ಮುಂದೆ ಒಂದು ಮೊಳ ಜಾಗ ಬಿಟ್ಟು, ತೇಗದ ಹಲಗೆಯ ಇನ್ನೊಂದು ಗೋಡೆ. ನಡುವಿನ ಸಂದಿಯಲ್ಲಿ ಪೈಪು, ವೈರು. ಅರವತ್ತೆರಡು ಕೋಣೆಗಳ ಬೆನ್ನಿಗೆ ಅಂಟಿಕೊಂಡು ಹೋಗೋ ಸಂದಿ ಅದು, ಬಾಯಿ ಮಾತ್ರ ಒಂದೇ. ನಮ್ಮಕ್ಕನ ಗಂಡ, ನನ್ನ ಭಾವ, ವೈರಿನ ಕೆಲಸದವರು. ಸಣಕಲು. ಬೇರೆಯೋರು ಉಸಿರು ಬಿಗಿಹಿಡಿದು ನುಗ್ಗೋ ಕಡೆ ಅವರು ಹಾಡ್ಕೊಂಡು ಹೋಗಿಬರೋರು.

"ಅದಕ್ಕೊಂದು ಕಟ್ಟುಪಾಡಿತ್ತು. ಒಳಗೆ ಹೋಗೋನು ಸಂದಿಯ ಬಾಯಲ್ಲಿ ಚಪ್ಪಲಿ ಬಿಡ್ಬೇಕು, ಬೆರಳಿನ ಕಡೆ ಹೊರಕ್ಕೆ ಮಾಡಿ. ಚಪ್ಪಲಿ ಇರೋ ತನಕ ಯಾರೂ ಹಲಗೆ ಮುಟ್ಟೋ ಹಾಗಿಲ್ಲ. ಚಪ್ಪಲಿ ಇಲ್ಲ ಅಂದ್ರೆ ಮನುಷ್ಯ ಹೊರಗೆ ಬಂದಿದ್ದಾನೆ ಅಂತ. ಒಳಗಿಂದ ಏನಾದ್ರೂ ಬೇಕಾದ್ರೆ ಮೂರು ಸಲ ತಟ್ಟೋದು.

"ಅವತ್ತು ಸಾಯಂಕಾಲ ಹಡಗು ಹೊರಡ್ಬೇಕು. ಕೊನೇ ಹಲಗೆ ಹೊಡೆದು ಸಂದಿಯ ಬಾಯಿ ಮುಚ್ಚಿದ್ರು. ಹಡಗೂ ಹೊರಡ್ತು. ಪರದೆ ಮುಗಿದಿರಲಿಲ್ಲ ಅಂತ ಅಕ್ಕನೂ ನಾನೂ ಹಡಗಲ್ಲೇ ಹೊಲೀತಾ ಹೋದ್ವಿ. ಗಂಡ ಇಳಿದು ಮನೆಗೆ ಹೋಗಿರ್ತಾನೆ ಅಂದ್ಕೊಂಡ್ಳು ಅಕ್ಕ.

"ಆ ಕೋಣೆಗಳಿಗೆ ಕಿಟಕಿ ಎಲ್ಲಿಂದ ಬರ್ಬೇಕು? ಬರೀ ಹಲಗೆ ಮೇಲೆ ಒಂದು ಚೌಕಟ್ಟು, ಅದರೊಳಗೊಂದು ಬಲ್ಬು, ಮುಂದೆ ನಾವು ಹೊಲಿದ ನೀಲಿ ಪರದೆ. ಆಚೆ ಬೆಳಕಿದೆ, ಸಮುದ್ರ ಇದೆ ಅಂದ್ಕೊಂಡು ಜನ ಮಲಗ್ಬೇಕು. ಈಗ ನೀವು ಟಿವಿ ಕೂರಿಸ್ತೀರಿ, ಅದರಲ್ಲಿ ಸಮುದ್ರ ಬರುತ್ತೆ. ಅದೇ ಮೋಸ, ಕರೆಂಟು ಜಾಸ್ತಿ ಅಷ್ಟೆ.

"ಮಾರನೇ ಬೆಳಿಗ್ಗೆ ಹದಿನೇಳನೇ ಕೋಣೆಯ ಮುದುಕರು ಅಕ್ಕನ್ನ ಕರೆದ್ರು. ‘ಯಾರೋ ಕಿಟಕಿ ತಟ್ತಾರಮ್ಮ, ನೋಡು.’ ಅಕ್ಕ ನಕ್ಕಳು. ‘ಕಿಟಕಿ ಆಚೆ ಸಮುದ್ರ ಸ್ವಾಮಿ, ಯಾರು ತಟ್ತಾರೆ?’ ಹಾಗಂತ ಹೇಳೋದೇ ನಮ್ಮ ಕೆಲಸ. ಪಕ್ಕದ ಕೋಣೆಗೆ ಪರದೆ ಹಾಕೋಕೆ ಹೋದ್ಳು... ಕೈ ಎತ್ತಿದ್ದಷ್ಟೆ. ಹಲಗೆ ಹಿಂದೆ ಮೂರು ತಟ್ಟು. ಬಿಟ್ಟು, ಮತ್ತೆ ಮೂರು.

"ಅವಳಿಗೆ ಯಾರೂ ಹೇಳ್ಬೇಕಾಗಿರಲಿಲ್ಲ. ಅರವತ್ತೆರಡು ಕೋಣೆಗೂ ಓಡಿದ್ಳು, ಒಂದೊಂದು ಗೋಡೆಗೂ ಕಿವಿ ಇಟ್ಳು. ಕಬ್ಬಿಣ ಸದ್ದನ್ನ ಎಲ್ಲಿಂದೆಲ್ಲಿಗೆ ಒಯ್ಯುತ್ತೋ... ಎಲ್ಲಾ ಕೋಣೆಯಲ್ಲೂ ತಟ್ಟು, ಎಲ್ಲಾ ಬಾಗಿಲೂ ಒಂದೇ ಥರ, ಎಲ್ಲಾ ಪರದೆಯೂ ಅವಳೇ ಹೊಲಿದದ್ದು. ಎಲ್ಲಿ ಅಂತ ಒಡೀತಾಳೆ? ಆಫೀಸರ್ ಹತ್ರ ಅತ್ತಳು. ‘ಪೈಪಮ್ಮ ಅದು, ನೀರು ಬಂದಾಗ ಹಾಗೇ ಬಡ್ಕೊಳ್ಳುತ್ತೆ. ಒಳಗೆ ಜನ ಇದ್ದಾರೆ ಅನ್ನೋಕೆ ಏನು ಗುರುತಿದೆ?’ ಅಂದ. ಇವಳು ದೊಡ್ಡ ಕತ್ತರಿ ತಗೊಂಡು ಒಂದು ಹಲಗೆ ಮೀಟಿದ್ಳು, ಭುಜದವರೆಗೂ ಕೈ ಹಾಕಿ ‘ಇಲ್ಲಿದ್ದೀನಿ, ಈ ಕಡೆ ಬನ್ನಿ’ ಅಂತ ಕೂಗಿದ್ಳು. ತಟ್ಟು ಹತ್ತಿರ ಬರ್ತಿತ್ತೋ ದೂರ ಹೋಗ್ತಿತ್ತೋ... ಅಷ್ಟರಲ್ಲಿ ಎಳೆದುಕೊಂಡು ಹೋದ್ರು. ತಲೆ ಕೆಟ್ಟಿದೆ ಅಂತ ಒಂದು ಕೋಣೆಯೊಳಗೆ ಹಾಕಿ ಬೀಗ ಜಡಿದ್ರು. ಯೋಚನೆ ಮಾಡಿ... ಗೋಡೆಯ ಆ ಕಡೆ ಅವರು, ಈ ಕಡೆ ಇವಳು. ಅವರು ಮೂರು ತಟ್ಟೋದು, ಇವಳು ಮೂರು ತಟ್ಟೋದು. ಮೂರನೇ ದಿನ ಆ ಕಡೆಯದ್ದು ನಿಂತುಹೋಯ್ತು. ಅಕ್ಕ ಮಾತ್ರ ಸಾಯೋ ತನಕ ನಿಲ್ಲಿಸಲಿಲ್ಲ. ಮನೆಯ ಗೋಡೆ ತಟ್ಟಿ, ಕಿವಿ ಕೊಟ್ಟು ಕಾಯೋಳು.

"ದಡಕ್ಕೆ ಬಂದ ಮೇಲೆ ಸಂದಿ ತೆಗೆಸಿ ನೋಡಿದ್ರು. ಟಾರ್ಚಿತ್ತು. ಇಕ್ಕಳ ಇತ್ತು. ಮನುಷ್ಯ ಇರಲಿಲ್ಲ. ಎಲ್ಲೋ ಓಡಿಹೋಗಿದ್ದಾನೆ ಅಂದ್ರು. ಹಲಗೆಗಳ ಒಳಮೈ ಯಾರೂ ನೋಡ್ಲಿಲ್ಲ. ನಾನು ನೋಡಿದೆ. ಒಂದೊಂದು ಹಲಗೆಯ ಮೇಲೂ ಸಾಲಾಗಿ ಮೂರು ಗುಳಿ... ಮಲಗಿದೋರ ಕಿವಿ ಬರೋ ಎತ್ತರಕ್ಕೆ."

ಮೇಸ್ತ್ರಿ ಅವಳ ಕಡೆ ಬಾಗಿದ. "ಅಲ್ಲ ಅಜ್ಜಿ, ಅವರು ಚಪ್ಪಲಿ ಬಿಟ್ಟಿರಲಿಲ್ವಾ?"

ಅಜ್ಜಿ ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಬಿಟ್ಟಿದ್ರು. ಹೊಸಾ ಕೆಂಪು ಕಾರ್ಪೆಟ್ ಮೇಲೆ ಗ್ರೀಸಾದ ಚಪ್ಪಲಿ. ಸಾಹುಕಾರರ ಮನೆಯವರು ನೋಡೋಕೆ ಅಂತ ಮೆಟ್ಟಿಲಿಳಿದು ಬರ್ತಿದ್ರು. ನನಗಾಗ ಹತ್ತೊಂಬತ್ತು. ತಟ್ಟನೆ ಎತ್ತಿ, ಉಳಿದ ಪರದೆ ಬಟ್ಟೆಯಲ್ಲಿ ಸುತ್ತಿ, ಮಿಷನ್ ಕೆಳಗೆ ತಳ್ಳಿದೆ. ಅವರು ಹೋದ ಮೇಲೆ ವಾಪಸ್ ಇಟ್ಟರಾಯ್ತು ಅಂತ... ಮೇಲೆ ಕರೆದ್ರು, ಹೋದೆ. ಮರೆತೆ."

"ಅಕ್ಕನಿಗೆ ಹೇಳ್ಲಿಲ್ವಾ?" ವೈರ್‌ಮ್ಯಾನ್ ಪಿಸುಗುಟ್ಟಿದ.

"ಮೂರು ದಿನ ನನ್ನ ಹತ್ರಾನೇ ಇತ್ತು. ಆಫೀಸರ್ ಗುರುತು ಕೇಳ್ದಾಗ ತೋರಿಸಿದ್ರೆ ಸಾಕಿತ್ತು. ಎಲ್ಲಾ ಗೋಡೆ ಕೀಳಿಸ್ತಿದ್ರು. ಬಾಯಿ ಬರ್ಲಿಲ್ಲಪ್ಪಾ... ಅಕ್ಕನ ಮುಖ ನೋಡಿ ಬಾಯಿ ಬರ್ಲಿಲ್ಲ." ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಆ ಹಡಗನ್ನ ಒಡೆದು ಮಾರಿ ವರ್ಷಗಳಾದವು. ಈಗಿನೋರಿಗೆ ಹಳೇ ಮರ ಅಂದ್ರೆ ಪ್ರಾಣ. ಕೆಳಗೆ ನೀವು ಹೊಡೀತಿರೋ ತೇಗದ ಹಲಗೆ ಎಲ್ಲಿಂದ ಬಂತು ಅಂತ ಕೇಳಿದ್ದೀರಾ?"

ಮೇಸ್ತ್ರಿ ಕೇಳಿರಲಿಲ್ಲ. ಆದರೆ ಪ್ರತಿ ಹಲಗೆಯಲ್ಲೂ ಮೂರು ಗುಳಿಗಳಿದ್ದುದನ್ನು ನೋಡಿದ್ದ. ಹಳೇ ಮೊಳೆಯ ಗುರುತಿರಬೇಕೆಂದು, ಕೆಟ್ಟ ಮೈ ಕಾಣಬಾರದೆಂದು, ತಾನೇ ನಿಂತು ಆ ಮಗ್ಗುಲನ್ನು ಒಳಕ್ಕೆ ತಿರುಗಿಸಿ ಹೊಡೆಸಿದ್ದ.

ಅವನು ಟಾರ್ಚು ಹಿಡಿದು ಎದ್ದ. ಯಾರೂ ಜೊತೆಗೆ ಬರುತ್ತೇನೆನ್ನಲಿಲ್ಲ. ಕೆಳಗಿನ ಕಾರಿಡಾರ್‌ನಲ್ಲಿ ಬಾಗಿಲುಗಳು ಸಾಲಾಗಿ ತೆರೆದಿದ್ದವು. ಒಂದೊಂದು ಕೋಣೆಯಲ್ಲೂ ಕಿಟಕಿಯ ಜಾಗದಲ್ಲಿ ಟಿವಿ ಕಪ್ಪಗೆ ನಿಂತಿತ್ತು. ತುದಿಯಲ್ಲಿ ಕೊನೆಯ ಹಲಗೆ ಗೋಡೆಗೆ ಒರಗಿತ್ತು, ಪಕ್ಕದಲ್ಲೇ ಸಂದಿಯ ಬಾಯಿ. ಬಾಯಿಯ ಮುಂದೆ, ಹೊಸ ಕಾರ್ಪೆಟ್ಟಿನ ಮೇಲೆ, ಉಂಗುಷ್ಟ ಸವೆದ ಒಂದು ಜೊತೆ ತೊಗಲಿನ ಚಪ್ಪಲಿ. ಬೆರಳಿನ ಕಡೆ ಹೊರಕ್ಕೆ.

ಹಡಗಿನಲ್ಲಿದ್ದವರು ಏಳು ಜನ. ಆರು ಜನ ಮೇಲಿದ್ದರು.

ಹಿಂದೆ ಹೆಜ್ಜೆ ಸದ್ದಾಯಿತು. ಅಜ್ಜಿ ಒಂದೊಂದೇ ಮೆಟ್ಟಿಲಿಳಿದು ಬಂದಿದ್ದಳು. ಕೈಯಲ್ಲಿ ನೀಲಿ ಬಟ್ಟೆಯಿತ್ತು, ಬಿಚ್ಚಿಕೊಂಡು, ಬರಿದಾಗಿ.

"ನೀವೇ ಇಟ್ಟಿದ್ದಾ ಅಜ್ಜಿ?"

"ಬೆಳಿಗ್ಗೆಯಿಂದ ಮಿಷನ್ ಬಿಟ್ಟು ಎದ್ದಿದ್ದೀನಾ? ನಾನು ಕೆಲಸ ಮಾಡಿದ ಪ್ರತೀ ಹಡಗಲ್ಲೂ, ಕೊನೇ ಹಲಗೆಗೆ ಮುಂಚೆ ಗಂಟು ಬರಿದಾಗುತ್ತೆ. ಭಾವನೇ ಬಂದು ಒಯ್ತಾರೆ. ಪ್ರತೀ ಸಲ ಹೇಳ್ತೀನಿ... ಮೇಸ್ತ್ರಿಗಳು ನಗ್ತಾರೆ, ಚಪ್ಪಲಿ ಪಕ್ಕಕ್ಕೆ ಒದ್ದು ಮುಚ್ತಾರೆ. ನಾನು ಮತ್ತೆ ಎತ್ತಿ ಗಂಟು ಕಟ್ಕೋತೀನಿ."

ಮೇಸ್ತ್ರಿ ಇನ್‌ಸ್ಪೆಕ್ಟರನ್ನು ನೆನೆದ. ಬೇರೆ ಮೇಸ್ತ್ರಿಯನ್ನು ನೆನೆದ. ಆಮೇಲೆ ಕೊನೆಯ ಹಲಗೆಯನ್ನು ಎತ್ತಿ, ದೂರದ ಗೋಡೆಗೆ ಸಾಗಿಸಿ ಒರಗಿಸಿದ. ಬಂದು ಚಪ್ಪಲಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಕೂತ ಗಳಿಗೆಗೇ ಸಂದಿಯ ಆಳದಲ್ಲೆಲ್ಲೋ ಮೂರು ಸಲ ತಟ್ಟಿದ ಸದ್ದು ಬಂತು.

"ಪೈಪು... ಪೈಪಿರಬೇಕು ಅಜ್ಜಿ" ಎಂದ. ಆ ಕಾರಿಡಾರ್‌ನ ಪೈಪುಗಳಿಗೆ ಇನ್ನೂ ನೀರು ಬಿಟ್ಟಿರಲಿಲ್ಲ.

ಅಜ್ಜಿ ಅವನ ಪಕ್ಕದಲ್ಲಿ ನಿಧಾನವಾಗಿ ಕೂತು, ನೀಲಿ ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ಇರಬಹುದು ಮೇಸ್ತ್ರಿ. ನೀವೂ ಒಂದ್ಸಲ ಮೂರು ತಟ್ಟಿ ನೋಡಿ. ಪೈಪಾದ್ರೆ ತಿರುಗಿ ತಟ್ಟಲ್ಲ."