ಏಳನೇ ತಿರುವಿನ ಸಂದು

ಕುಂದಲಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ಅರ್ಧ ಗಂಟೆಯಿಂದ ಮಿಸುಕಿರಲಿಲ್ಲ. ನಿಂತೂ ನಿಂತೂ ಕಾಲು ಸೋತಿದ್ದ ಮಹಾನಂದಾಳ ಪಕ್ಕದ ಸೀಟಿನಲ್ಲಿ ಇಬ್ಬರು ಗೆಳೆಯರು ಮಾತಾಡುತ್ತಿದ್ದರು.

“ಆ ಪುಟ್ಟ ಗೇಮ್ ಕನ್ಸೋಲ್ ಕೈಲಿಟ್ಕೊಂಡು ದಿನವಿಡೀ ಬೈಕ್ ರೇಸ್ ಆಡೋದೇ ಕೆಲಸ. ಪುಣ್ಯವಂತ ಕಣೋ ನೀನು, ಲೋಕೇಶ.”

“ಆಡೋದಲ್ಲ ಗುರು, ಟೆಸ್ಟ್ ಮಾಡೋದು. ಟ್ರ್ಯಾಕಿನ ಗೋಡೆಗೆ ಉದ್ದಕ್ಕೂ ಬೈಕ್ ಗುದ್ದಿ, ಎಲ್ಲೂ ಸಂದಿಲ್ಲ ಅಂತ ಬರ್ಕೊಡ್ಬೇಕು. ಎಂಟು ತಿಂಗಳಲ್ಲಿ ಒಂದು ರೇಸೂ ಮುಗಿಸಿಲ್ಲ.”

“ಸಂದು ಸಿಕ್ತಾ?”

“ಹೋದ ವಾರ, ಏಳನೇ ತಿರುವಲ್ಲಿ. ಬೈಕ್ ಆಚೆ ಹೋಗ್ಬಿಡ್ತು. ಬರೀ ಬಯಲು ಗುರು, ಎಷ್ಟು ಓಡಿಸಿದ್ರೂ ಯಾರೂ ಅಡ್ಡ ಬರಲ್ಲ.”

“ಬರ್ಕೊಟ್ಯಾ?”

“ಕೊಟ್ರೆ ಮುಚ್ಚಿಬಿಡ್ತಾರೆ.”

“ಗೊತ್ತಾದ್ರೆ ಕೆಲಸ ಹೋಗುತ್ತೆ ಮಗಾ.”

“ಇನ್ನೊಂದು ವಾರ ಇರ್ಲಿ. ಊಟದ ಹೊತ್ತಲ್ಲಿ ದಿನಾ ಅಲ್ಲಿಗೆ ಹೋಗ್ಬರ್ತೀನಿ.”

ಇಬ್ಬರೂ ಬೇಸತ್ತು ಇಳಿದು, ಕಾರುಗಳ ನಡುವೆ ನುಸುಳಿ ಹೋದರು. ಮಹಾನಂದಾ ಅವರ ಸೀಟಿನಲ್ಲಿ ಕೂತಳು. ಬಸ್ಸು ಅಲ್ಲೇ ಇತ್ತು.